ಒಂದೇ ದಾರದ ಹೊಲಿಗೆ

ಮನೆಯಿಂದ,
ಅಕ್ಟೋಬರ್ ಹದಿನಾಲ್ಕು, ಬುಧವಾರ,
ಸಂಜೆ ಆರು ಗಂಟೆ

ನಮ್ಮ ಎಡಚಿಯ ಅಪ್ಪನಿಗೆ,

ಈಗಷ್ಟೇ ಕೆಲಸದಿಂದ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಒಲೆಯ ಮೇಲೆ ಚಹಾಕ್ಕೆ ನೀರು ಕುದಿಯುತ್ತಿದೆ. ಇವತ್ತು ಇಡೀ ದಿನ ಹೊಲಿಗೆ ಬಿಚ್ಚಿದೆ. ಹೊಸದಾಗಿ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಅಂಥ ದಿನ ಇದೇ ಮೊದಲು. ಕೈ ಸುಮ್ಮನಿದ್ದರೂ ಬೆರಳಿಗೆ ಇನ್ನೂ ಆ ಸಣ್ಣ ಕತ್ತರಿ ಅಂಟಿಕೊಂಡಂತಿದೆ. ಅದಕ್ಕೇ ಪೆನ್ನು ಹಿಡಿದೆ.

ಮೊದಲು ನಿಮ್ಮ ಸಮಾಚಾರ ಕೇಳುತ್ತೇನೆ. ಮೊಣಕಾಲು ಹೇಗಿದೆ? ಕಬ್ಬಿಣದ ಏಣಿ ಹತ್ತುವಾಗ ಬಲಗಾಲನ್ನು ಮೊದಲು ಇಡಬೇಡಿ ಎಂದು ಎಷ್ಟು ಸಲ ಬರೆದರೂ ನೀವು ಇಡುವುದು ಅದನ್ನೇ ಎಂದು ನನಗೆ ಗೊತ್ತು. ಕಳುಹಿಸಿದ ಉಣ್ಣೆಯ ಕಾಲುಚೀಲ ಬಂತೋ ಇಲ್ಲವೋ ಹೇಳಲಿಲ್ಲ. ಊಟ ಮಾಡುತ್ತೀರಾ? ಗ್ರೀಸು ಮೆತ್ತಿದ ಕೈಯಲ್ಲೇ ಬ್ರೆಡ್ಡು ತಿಂದು ಊಟ ಆಯಿತು ಎನ್ನುವವರು ನೀವು. ನೀವು ಎಣ್ಣೆ ಹಾಕಿ ತಿರುಗಿಸುವ ಆ ಆಂಟೆನಾವನ್ನು ಮೊದಲ ಸಲ ಫೋಟೊದಲ್ಲಿ ನೋಡಿದಾಗ ನಮ್ಮ ಹುಡುಗಿ ಹೇಳಿದ್ದು ನೆನಪಿದೆಯಾ? "ಅಪ್ಪ ನೋಡಮ್ಮಾ, ಇಷ್ಟು ದೊಡ್ಡ ತಟ್ಟೆ ಮುಂದಿಟ್ಕೊಂಡು ಖಾಲಿ ಹೊಟ್ಟೇಲಿ ಕೂತಿದ್ದಾರೆ!" ಇವತ್ತಿಗೂ ನನಗೆ ಅದು ಆಂಟೆನಾ ಅಲ್ಲ, ತಟ್ಟೆಯೇ. ನನ್ನ ಆರೋಗ್ಯದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕನ್ನಡಕ ಬದಲಾಯಿಸಿದೆ. ಎಡ ಭುಜ ಆಗಾಗ ಹಿಡಿಯುತ್ತದೆ. ನಿದ್ದೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮನೆ ಇದ್ದ ಹಾಗೇ ಇದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತದೆ, ಕೆಳಗೆ ಲೋಟ ಇಟ್ಟಿದ್ದೇನೆ. ಅವಳ ಸೈಕಲ್ಲು ಮೆಟ್ಟಿಲ ಕೆಳಗೇ ಇದೆ. ಚಕ್ರದ ಗಾಳಿ ಹೋಗಿ ಒಂದು ಕಡೆ ವಾಲಿಕೊಂಡಿದೆ. ಕೆಳಗಿನ ಮನೆಯ ಗಡಿಯಾರ ರಿಪೇರಿಯವರು ದಿನಾ ಎದುರಾದಾಗ ಕೇಳುತ್ತಾರೆ: "ಏನಮ್ಮಾ, ಯಜಮಾನ್ರು ಇನ್ನೂ ಆ ಬಾಲದ ನಕ್ಷತ್ರ ಕಾಯ್ತಾ ಇದ್ದಾರಾ? ಅದೇನು ಓಡಿಹೋಗುತ್ತಾ?" ಓಡಿಹೋಗುವುದೇ ಅದರ ಕೆಲಸ ಎಂದು ಇವತ್ತು ನಾನು ಹೇಳಿದೆ. ಅವರು ನಕ್ಕರು. ನಾನೂ ನಗಬೇಕೆಂದುಕೊಂಡೆ, ಅಷ್ಟರಲ್ಲಿ ಮೆಟ್ಟಿಲು ಮುಗಿದಿತ್ತು. ಫೋನಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು. ಆದರೆ ಅವಳ ಮಾತು ಬಂದ ಕೂಡಲೇ ನೀವು "ಇಲ್ಲಿ ಗಾಳಿ ಜೋರು, ಏನೂ ಕೇಳಿಸ್ತಾ ಇಲ್ಲ" ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಗಾಳಿಯ ಸದ್ದು ಅಡ್ಡ ಬರುವುದಿಲ್ಲ. ತಲುಪಲು ಹತ್ತು ದಿನ ಹಿಡಿದರೂ ಚಿಂತೆಯಿಲ್ಲ.

ನಾಳೆಯ ಸುದ್ದಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಾಳೆ ನಮ್ಮ ಬಾಹ್ಯಾಕಾಶ ನೌಕೆಯನ್ನು ಆ ಧೂಮಕೇತುವಿನ ಮೇಲೇ ಇಳಿಸಿಬಿಡುತ್ತಾರೆ. ಸೂರ್ಯನಿಂದ ಅಷ್ಟು ದೂರ ಹೋದ ಮೇಲೆ ಅದಕ್ಕೆ ಬೆಳಕೂ ಸಾಲದು, ಬಿಸಿಯೂ ಸಾಲದು. ಸುಮ್ಮನೆ ಹೆಪ್ಪುಗಟ್ಟಲು ಬಿಡುವುದಕ್ಕಿಂತ ಕೊನೆಯ ತನಕ ಫೋಟೊ ತೆಗೆಯುತ್ತಾ ಇಳಿಯಲಿ ಎಂದು ಎಲ್ಲ ದೇಶದವರೂ ಸೇರಿ ನಿರ್ಧರಿಸಿದರಂತೆ. ನೆಲಕ್ಕೆ ತಾಗಿದ ಕೂಡಲೇ ಅದು ಕಳಿಸುವ ಸಂಕೇತದ ಸದ್ದು ನಿಲ್ಲುತ್ತದೆ. ಆ ಸದ್ದು ಇಲ್ಲಿಗೆ ಬರಲು ಮುಕ್ಕಾಲು ಗಂಟೆ ಬೇಕಂತೆ. ಅಂದರೆ ನಿಮ್ಮ ತಟ್ಟೆ ಅದನ್ನು ಕೇಳಿಸಿಕೊಳ್ಳುತ್ತಿರುವಾಗಲೇ ಅಲ್ಲಿ ಎಲ್ಲ ಮುಗಿದಿರುತ್ತದೆ. ಇದನ್ನು ನಮ್ಮ ಹೊಲಿಗೆ ಕೋಣೆಯಲ್ಲಿ ವಿವರಿಸಿದಾಗ ಎಲ್ಲರೂ ಆಶ್ಚರ್ಯಪಟ್ಟರು. ನನಗೆ ಆಶ್ಚರ್ಯವಾಗಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನಾನು ಅವಳಿಗೆಂದು ಕಿತ್ತಳೆ ಸುಲಿಯುತ್ತಾ ಕೂತಿದ್ದಾಗಲೂ ಹೀಗೇ ಆಗಿತ್ತಲ್ಲ.

ಆ ನೌಕೆ ಹೊರಟ ವರ್ಷ ನಮ್ಮ ಮನೆಯಲ್ಲಿ ಎಷ್ಟು ಸಂಭ್ರಮವಿತ್ತು! ಬೇರೆ ದೇಶದವರ ನೌಕೆ ಮೊದಲು ಹೋಗಿ, ಧೂಮಕೇತುವಿನ ಪಕ್ಕದಲ್ಲೇ ಹಾದು, ಧೂಳು ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ಹೇಳುವುದು. ಆ ಗುರುತು ಹಿಡಿದು ನಮ್ಮದು ಹಿಂದಿನಿಂದ ಹೋಗಿ ಅದರ ಜೊತೆಗೇ ತಿರುಗುವುದು. ಅವಳು ಇದನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಚಮಚ ಇಟ್ಟು ನಮಗೆ ತೋರಿಸಿದಳು. ಉಪ್ಪಿನ ಡಬ್ಬಿ ಧೂಮಕೇತು. ನಾನು ಮರೆತು ಅದನ್ನು ಎತ್ತಿಕೊಂಡೆ. "ಅಮ್ಮಾ, ಮೂರು ದೇಶದವರ ಕೆಲಸ ಹಾಳು ಮಾಡ್ಬಿಟ್ಟೆಯಲ್ಲೇ!" ಎಂದು ಕೂಗಿದಳು. ನೀವು ಆಗ ಆ ಎತ್ತರದ ಠಾಣೆಯ ಕೆಲಸಕ್ಕೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದಿರಿ. ಅಮ್ಮ, ಮಗಳು ಇಬ್ಬರೂ ನೌಕೆಗೆ ಕಂಬಳಿ ಹೊಲಿಯುವುದು, ಅಪ್ಪ ಅದರ ಮಾತು ಕೇಳುವುದು. ಇಡೀ ಮನೆಯೇ ಅದಕ್ಕೆ ಆಳಾಯಿತು ಎಂದು ನೀವೇ ಹೇಳಿ ನಕ್ಕಿದ್ದಿರಿ.

ಕಂಬಳಿ ಎಂದರೆ ನಮ್ಮ ಕೋಣೆಯಲ್ಲಿ ಏನೆಂದು ನಿಮಗೆ ಗೊತ್ತು. ಬೆಳ್ಳಿಯ ಹಾಗೆ ಹೊಳೆಯುವ ತೆಳು ಹಾಳೆ, ಅದರ ಮೇಲೆ ಬಲೆ, ಮತ್ತೆ ಹಾಳೆ, ಮತ್ತೆ ಬಲೆ. ಪದರ ಪದರವಾಗಿ ಜೋಡಿಸಿ ಅಂಚನ್ನು ಕೈಯಲ್ಲೇ ಹೊಲಿಯಬೇಕು. ನಾನು ಬಟ್ಟೆ ಹೊಲಿಯುತ್ತಿದ್ದವಳು. ದಾರ ಎಳೆದು ಬಿಗಿ ಮಾಡುವುದೇ ಒಳ್ಳೆಯ ಕೈ ಎಂದು ಕಲಿತವಳು. ಇಲ್ಲಿ ಎಲ್ಲ ತಿರುವುಮುರುವು. ಬಿಗಿಯಾದರೆ ಪದರಕ್ಕೆ ಪದರ ಒತ್ತಿಕೊಂಡು ಒಳಗಿನ ಬಿಸಿ ಹೊರಗೆ ಹೋಗಿಬಿಡುತ್ತದೆ. ಸಡಿಲ ಇದ್ದರೇ ಬೆಚ್ಚಗೆ. ನಾನು ತಿಂಗಳುಗಟ್ಟಲೆ ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಕಲಿತೆ. ಅವಳು ಬಂದ ವಾರದಲ್ಲೇ ಕಲಿತಳು. ಎಡಗೈಯಲ್ಲಿ ಸೂಜಿ ಹಿಡಿದು, ದಾರಕ್ಕೆ ಉಸಿರಾಡಲು ಜಾಗ ಬಿಟ್ಟು ಹೊಲಿಯುತ್ತಿದ್ದಳು. ಕೋಣೆಯವರೆಲ್ಲ ನನ್ನನ್ನು "ಬಿಗಿ ಕೈ" ಎಂದೂ ಅವಳನ್ನು "ಎಡಚಿ" ಎಂದೂ ಕರೆದರು. ನಮ್ಮ ಹೊಲಿಗೆ ಒಂದು ಕಡೆಗೆ ಬಾಗಿದರೆ ಅವಳದು ಇನ್ನೊಂದು ಕಡೆಗೆ ಬಾಗುತ್ತಿತ್ತು. ದೂರದಿಂದಲೇ ಗೊತ್ತಾಗುತ್ತಿತ್ತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಒಬ್ಬರ ದಾರವನ್ನು ಇನ್ನೊಬ್ಬರು ಮುಂದುವರಿಸುವಂತಿಲ್ಲ ಎಂಬುದು ನಮ್ಮ ಕೋಣೆಯ ಕಟ್ಟುನಿಟ್ಟು. ಒಬ್ಬಳಿಗೆ ಸುಸ್ತಾದರೆ ಅವಳು ಗಂಟು ಹಾಕಿ ಏಳಬೇಕು, ಮುಂದಿನವಳು ತನ್ನ ದಾರದಿಂದ ತನ್ನ ಗಂಟು ಹಾಕಿ ಶುರುಮಾಡಬೇಕು. ಪ್ರತಿಯೊಬ್ಬರ ಕೈ ಎಳೆಯುವ ರೀತಿ ಬೇರೆ, ಒಂದೇ ದಾರ ಎರಡು ಕೈಯ ಎಳೆತ ತಾಳುವುದಿಲ್ಲ ಎನ್ನುತ್ತಾರೆ. ನಮ್ಮ ಮೇಲ್ವಿಚಾರಕಿ, ಟೋಪಿಯಿಂದ ಒಂದು ಕೂದಲು ಇಣುಕಿದರೂ ಬಾಗಿಲಿನಿಂದಲೇ ವಾಪಸು ಕಳಿಸುವ ಕೂದಲಮ್ಮ, ಈ ಒಂದು ನಿಯಮದಲ್ಲಿ ಕೂದಲಿನ ವಿಷಯಕ್ಕಿಂತಲೂ ಬಿಗಿ. ಯಾರೂ ಇದನ್ನು ಮೀರಿದ್ದನ್ನು ನಾನು ನೋಡಿಲ್ಲ.

ಈಗ ಈ ವರ್ಷದ ಬೇಸಿಗೆಯಲ್ಲಿ ಶುರುವಾದ ಮಾತಿಗೆ ಬರುತ್ತೇನೆ. ನೌಕೆಯಲ್ಲಿ ಧೂಳು ಹಿಡಿದು ಪರೀಕ್ಷಿಸುವ ಒಂದು ಪೆಟ್ಟಿಗೆ ಇತ್ತಲ್ಲ, ಹೊರದೇಶದವರು ಕೊಟ್ಟದ್ದು, ಅದು ಲೆಕ್ಕಕ್ಕಿಂತ ಹೆಚ್ಚು ತಣ್ಣಗಾಗುತ್ತಿತ್ತು. ಉಳಿದವಕ್ಕಿಂತ ಮೊದಲೇ ಅದನ್ನು ಆರಿಸಬೇಕಾಯಿತು. ಇನ್ನೊಂದು ಧೂಮಕೇತುವಿಗೆ ಹೊಸ ನೌಕೆ ಕಟ್ಟುವಾಗ ಹೀಗಾಗಬಾರದು, ಕಾರಣ ಹುಡುಕಿ ಎಂದು ಅವರು ಕೇಳಿದರು. ಯಾರೂ ಯಾರನ್ನೂ ಬೈಯಲಿಲ್ಲ. ಹೊರಡುವ ಮೊದಲು ತೆಗೆದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದರು. ಆ ಪೆಟ್ಟಿಗೆಯ ಕಂಬಳಿಯ ಒಂದು ಅಂಚು ಅರ್ಧದವರೆಗೆ ಎಡಚಿಯ ಹೊಲಿಗೆ. ನಡುವೆ ಒಂದು ಪಟ್ಟಿ ಅಡ್ಡ ಬಂದು ಮುಚ್ಚಿತ್ತು. ಪಟ್ಟಿಯ ಆಚೆಗೆ ಹೊಲಿಗೆ ನಮ್ಮ ಕಡೆಗೆ ಬಾಗಿದೆ, ಮತ್ತು ಬಿಗಿಯಾಗಿದೆ. ಕೂದಲಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ಕೈ ಅಲ್ವಾ?" ಆ ಗಡಿಬಿಡಿಯ ದಿನಗಳಲ್ಲಿ ಯಾರ ಅಂಚನ್ನು ಯಾರು ಮುಗಿಸಿದೆವೋ ನನಗೆ ನೆನಪಿರಲಿಲ್ಲ. ಬಿಗಿ ಕೈ ಎಂದರೆ ನಾನೇ. ಇರಬಹುದು ಎಂದೆ. ನಿಮಗೂ ಹಾಗೆಯೇ ಬರೆದೆ.

ನಿಮ್ಮ ಉತ್ತರ ಇಲ್ಲೇ ಡ್ರಾಯರಿನಲ್ಲಿದೆ. "ನನ್ನ ಮಗಳ ಕೈಯಿಂದ ಅಂಥ ಹೊಲಿಗೆ ಬರಲ್ಲ ಅಂತ ನಾನು ಇಲ್ಲಿ ಎಲ್ಲರ ಮುಂದೆ ಹೇಳಿದ್ದೆ. ನೋಡು, ಅದೇ ನಿಜವಾಯಿತು. ಅದೊಂದನ್ನಾದರೂ ನೀನು ಕೆಡಿಸದೆ ಬಿಡಬಹುದಿತ್ತು" ಎಂದು ಬರೆದಿದ್ದಿರಿ. ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳ ಹೆಸರು ಉಳಿಯಿತಲ್ಲ ಎಂದು ಸುಮ್ಮನಾದೆ. ಅದೇ ಕಾಗದದ ಕೊನೆಯಲ್ಲಿ ಎಲ್ಲ ಕಾಗದದಲ್ಲೂ ಬರೆಯುವ ಮಾತನ್ನೇ ಮತ್ತೆ ಬರೆದಿದ್ದಿರಿ: ಆ ಚಳಿಗಾಲ ಅವಳನ್ನು ಏಣಿ ಹತ್ತಿಸಬಾರದಿತ್ತು ಎಂದು. ನೌಕೆ ಹೋದ ಮೇಲಿನ ಚಳಿಗಾಲದಲ್ಲಿ ಅವಳು ನಿಮ್ಮನ್ನು ನೋಡಲು ಬಂದದ್ದು, ತಟ್ಟೆಯನ್ನು ಹತ್ತಿರದಿಂದ ತೋರಿಸಲು ನೀವು ಮೇಲೆ ಕರೆದುಕೊಂಡು ಹೋದದ್ದು, ಆ ಗಾಳಿಯಲ್ಲಿ ಅವಳ ಕೈಯಿಂದ ಫ್ಲಾಸ್ಕು ಜಾರಿ ಕೆಳಗೆ ಬಿದ್ದದ್ದು, "ಕೈಗೆ ಬೆಣ್ಣೆ ಹಚ್ಕೊಂಡು ಬಂದಿದ್ದೀಯಾ?" ಎಂದು ನೀವು ನಕ್ಕದ್ದು. ವಾಪಸು ಬಂದವಳಿಗೆ ಜ್ವರ. ಆಮೇಲೆ ಬೆರಳು, ಆಮೇಲೆ ತೋಳು, ಕೊನೆಗೆ ಉಸಿರು. ಈ ಕಾಯಿಲೆ ಹೊರಗೆ ಕಾಣುವ ಎಷ್ಟೋ ಮೊದಲೇ ಒಳಗೆ ಇರುತ್ತದೆ, ಚಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನೀವು ಕಾರಿಡಾರಿನ ಗೋಡೆ ನೋಡುತ್ತಾ "ಡಾಕ್ಟರು ಸಮಾಧಾನಕ್ಕೆ ಏನಾದ್ರೂ ಹೇಳಲೇಬೇಕಲ್ಲ" ಎಂದಿರಿ. ಎಲ್ಲ ಮುಗಿದ ಮೇಲೆ ಮನೆಯಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಆ ಗಾಳಿಯ ಜಾಗಕ್ಕೇ ವಾಪಸು ಹೋದಿರಿ.

ಇವತ್ತು ಬೆಳಗ್ಗೆ ಕೋಣೆಗೆ ಹೋದಾಗ ನನ್ನ ಮೇಜಿನ ಮೇಲೆ ಒಂದು ಕಂಬಳಿ ಹಾಸಿತ್ತು. ಆ ಪೆಟ್ಟಿಗೆಗೆಂದೇ ಹೊಲಿದ ಎರಡನೆಯದು. ಏನಾದರೂ ಹರಿದರೆ ಇರಲಿ ಎಂದು ಪ್ರತಿಯೊಂದಕ್ಕೂ ಜೋಡಿ ಹೊಲಿದು ಇಡುತ್ತೇವೆ. ಅದೇ ವಾರ, ಅದೇ ಅಳತೆ. ಇಷ್ಟು ವರ್ಷ ಉಗ್ರಾಣದಲ್ಲಿ ಮಲಗಿತ್ತು. ಅದನ್ನು ಚಳಿಯ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿದ್ದರಂತೆ, ಅದೂ ಅದೇ ಅಂಚಿನಲ್ಲಿ ಬಿಸಿ ಬಿಡುತ್ತದೆ. ಪದರಗಳನ್ನು ನೋಡಬೇಕು, ಬಿಚ್ಚಿಕೊಡಿ ಎಂದರು. ಬಿಸಿ-ಚಳಿಯ ಲೆಕ್ಕ ನೋಡುವ ಇಂಜಿನಿಯರು, ಬೇಸಿಗೆಯಲ್ಲೂ ಸ್ವೆಟರು ಬಿಚ್ಚದ ಹುಡುಗ, ಬಂದು ನಿಂತು "ಬೇರೆಯವರ ಹತ್ರ ಬೇಕಾದ್ರೆ ಮಾಡಿಸ್ತೀವಿ ಆಂಟಿ" ಎಂದ. ಬೇಡ ಎಂದೆ. ಬೇರೆಯವರು ಬಿಚ್ಚುವುದನ್ನು ನೋಡಿಕೊಂಡು ಪಕ್ಕದಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಅವಳ ಹೊಲಿಗೆ ಬಿಚ್ಚುವುದು ಸುಲಭ. ದಾರದ ಕೆಳಗೆ ಕತ್ತರಿ ತುದಿ ತಾನಾಗಿ ಹೋಗುತ್ತದೆ. ಒಂದೊಂದೇ ಕತ್ತರಿಸಿ ಚಿಮಟದಲ್ಲಿ ಎತ್ತಿ ತಟ್ಟೆಗೆ ಹಾಕುತ್ತಾ ಹೋದೆ. ಊಟದ ಹೊತ್ತಿಗೆ, ಇದರಲ್ಲೂ ನಡುವೆ ಅಡ್ಡ ಬಂದಿದ್ದ ಪಟ್ಟಿಯ ಹತ್ತಿರ ಬಂದೆ. ಅಲ್ಲಿಗೆ ಬರುವ ಮೊದಲೇ ಹೊಲಿಗೆ ಬದಲಾಗುತ್ತಿತ್ತು. ಒಂದು ದೊಡ್ಡದು, ಒಂದು ಚಿಕ್ಕದು. ಕೆಲವು ಕಡೆ ಒಂದೇ ಜಾಗದಲ್ಲಿ ಸೂಜಿ ಎರಡು ಸಲ ಚುಚ್ಚಿದ ಗುರುತು, ನಡೆಯುವಾಗ ಕಾಲು ತಡವರಿಸಿದ ಹಾಗೆ. ಪಟ್ಟಿ ಎತ್ತಿದೆ. ಅಲ್ಲಿ ಅವಳ ಗಂಟು ಇರಬೇಕಿತ್ತು, ಪಕ್ಕದಲ್ಲಿ ನನ್ನ ಗಂಟು ಇರಬೇಕಿತ್ತು. ಎರಡೂ ಇರಲಿಲ್ಲ. ದಾರ ಒಂದೇ. ಎಡಕ್ಕೆ ಬಾಗುತ್ತಿದ್ದ ಹೊಲಿಗೆ ಅದೇ ದಾರದಲ್ಲಿ ಬಲಕ್ಕೆ ಬಾಗಿ, ಬಿಗಿಯಾಗಿ, ವಕ್ರವಾಗಿ, ಅಂಚಿನ ತನಕ ಹೋಗಿ ಅವಳ ಗಂಟಿನಲ್ಲೇ ಮುಗಿದಿತ್ತು. ನಾನು ಬೆರಳಿಟ್ಟು ಮತ್ತೆ ಮತ್ತೆ ನೋಡಿದೆ. ಅಲ್ಲಿ ನನ್ನ ಕೈ ಇರಲೇ ಇಲ್ಲ. ಎಡಗೈ ಆಗದೆ ಅವಳು ಸೂಜಿಯನ್ನು ಬಲಗೈಗೆ ತೆಗೆದುಕೊಂಡಿದ್ದಾಳೆ. ಯಾರನ್ನೂ ಕರೆಯದೆ, ಯಾರಿಗೂ ಹೇಳದೆ, ಅಭ್ಯಾಸವಿಲ್ಲದ ಕೈಯಲ್ಲಿ ಅಂಚು ಮುಗಿಸಿದ್ದಾಳೆ.

ಕೂದಲಮ್ಮನನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ನನ್ನ ಟೋಪಿಯಿಂದ ಹೊರಬಂದಿದ್ದ ಒಂದು ಕೂದಲನ್ನು ಒಳಗೆ ಸೇರಿಸಿದರು. ಇಂಜಿನಿಯರ್ ಹುಡುಗ "ಮೇಲೆ ಹೋದದ್ದರಲ್ಲೂ ಇಂಥದ್ದೇ ಅಂಚಿದ್ರೂ ಪೆಟ್ಟಿಗೆ ಐದು ವರ್ಷ ಕೆಲಸ ಮಾಡ್ತು ಆಂಟಿ. ಅವರು ಹಿಡಿಯಬೇಕಾದ ಧೂಳೆಲ್ಲ ಹಿಡಿದಾಗಿತ್ತು" ಎಂದ. ಒಳ್ಳೆಯ ಹುಡುಗ. ನಿಜವೋ ಸಮಾಧಾನಕ್ಕೋ ನಾನು ಕೇಳಲಿಲ್ಲ. ಅದು ನನ್ನ ಹೊಲಿಗೆ ಎಂದೇ ಇರಲಿ ಬಿಡಿ ಎಂದು ಒಂದು ಕ್ಷಣ ನಾಲಿಗೆಯ ತುದಿಗೆ ಬಂತು. ಆದರೆ ದಾರ ಕಣ್ಣ ಮುಂದೆ ಇತ್ತು. ನನ್ನ ಮಗಳದು ಎಂದೆ.

ಆಮೇಲೆ ಊಟದ ಡಬ್ಬಿ ತೆರೆಯಲಿಲ್ಲ. ಒಂದೊಂದೇ ನೆನಪಿಗೆ ಬಂತು. ಆ ಕಂಬಳಿ ಹೊಲಿದ ಬೇಸಿಗೆಯಲ್ಲಿ ಅವಳು ಲೇಸು ಕಟ್ಟುವ ಬೂಟು ಬಿಟ್ಟು ಸುಮ್ಮನೆ ಕಾಲು ತೂರಿಸುವ ಚಪ್ಪಲಿ ತಂದಳು. ಹೊಸ ಫ್ಯಾಷನ್ನು ಎಂದುಕೊಂಡೆ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಚಿಕ್ಕ ಮಗುವಿನ ಹಾಗೆ ಕುಡೀತೀಯಲ್ಲೇ ಎಂದು ನಾನೇ ಛೇಡಿಸಿದ್ದೆ. "ಬೆಚ್ಚಗಿರುತ್ತೆ ಅಮ್ಮಾ" ಎಂದಳು. ಒಂದೇ ಕೋಣೆ, ಪಕ್ಕದ ಮೇಜು, ಒಂದೇ ಮನೆ. ನೌಕೆ ಹೊರಡುವ ದಿನ ಹತ್ತಿರ ಬಂದಿತ್ತು, ಕಾಯಿಲೆ ಎಂದರೆ ಕೆಲಸದಿಂದ ಇಳಿಸುತ್ತಾರೆ ಎಂದು ಹೆದರಿದ್ದಳೋ ಏನೋ. ಕೇಳೋಣವೆಂದರೆ ಯಾರನ್ನು ಕೇಳುವುದು?

ನೀವು ಅಲ್ಲಿ ನಾಲ್ಕು ಜನರ ಮುಂದೆ ಅವಳ ಕೈ ತಪ್ಪುವುದಿಲ್ಲ ಎಂದು ಹೇಳಿದ್ದೀರಿ. ಅದನ್ನು ನಿಮ್ಮಿಂದ ಕಸಿದುಕೊಳ್ಳುವುದು ನನಗೆ ಇಷ್ಟವಿರಲಿಲ್ಲ. ಆದರೆ ಅಲ್ಲಿಯವರಿಗೆ ಹೇಗೂ ಸುದ್ದಿ ಬರುತ್ತದೆ. ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಗೊತ್ತಾಗಲಿ. ಅದನ್ನು ತಪ್ಪು ಎಂದು ಓದಬೇಡಿ. ನಾನು ಹಾಗೆ ಓದಲಿಲ್ಲ. ಬಲಗೈಯಲ್ಲಿ ಆ ಅಂಚು ಮುಗಿಸಲು ಅವಳಿಗೆ ಇಡೀ ಮಧ್ಯಾಹ್ನ ಹಿಡಿದಿರಬೇಕು.

ಚಹಾ ಆರಿಹೋಯಿತು. ಇಷ್ಟು ಬರೆದದ್ದೇ ಹೆಚ್ಚು. ನಿಮ್ಮ ಜೊತೆ ಇರುವ, ನನ್ನ ಉಣ್ಣೆಯ ಟೋಪಿ ಕೇಳಿ ಪಡೆದ ಆ ಮುದುಕ ಕಾವಲುಗಾರರಿಗೆ ನನ್ನ ನಮಸ್ಕಾರ ಹೇಳಿ. ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ, ಯಂತ್ರದ ಎಣ್ಣೆಯಲ್ಲ. ನೀವು ಎಲ್ಲಿದ್ದರೂ ಬೆಚ್ಚಗಿರಿ ಎನ್ನುವುದಷ್ಟೇ ನನ್ನ ಪ್ರಾರ್ಥನೆ.

ನಿಮ್ಮ,
ಬಿಗಿ ಕೈಯವಳು

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಅಷ್ಟೆ. ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಆ ಕಂಬಳಿ ಹೊಲಿದದ್ದು ನೌಕೆ ಹೊರಡುವ ಮೊದಲಿನ ಬೇಸಿಗೆಯಲ್ಲಿ. ಅವಳು ನಿಮ್ಮ ಹತ್ತಿರ ಬಂದದ್ದು ನೌಕೆ ಹೋದ ಮೇಲಿನ ಚಳಿಗಾಲದಲ್ಲಿ. ಏಣಿ ಹತ್ತುವ ಎಷ್ಟೋ ಮೊದಲೇ ಅವಳ ಎಡಗೈ ಸೂಜಿ ಹಿಡಿಯಲಾರದೆ ಹೋಗಿತ್ತು. ಫ್ಲಾಸ್ಕು ಬಿದ್ದದ್ದು ಗಾಳಿಗಲ್ಲ. ನಿಮ್ಮ ಚಳಿ ಅವಳಿಗೆ ಏನೂ ಮಾಡಲಿಲ್ಲ. ಡಾಕ್ಟರ ಮಾತು ಬೇಡ, ನನ್ನ ಮಾತೂ ಬೇಡ, ದಾರವನ್ನು ನಂಬಿ. ಬಿಚ್ಚಿದ ತುಂಡುಗಳಲ್ಲಿ ಕೈ ಬದಲಾದ ಜಾಗದ್ದನ್ನು ಕೂದಲಮ್ಮ ನನಗೆ ಕೊಟ್ಟರು. ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ, ಬಿಚ್ಚುವಾಗ ಬಿದ್ದಿದ್ದರೆ ಹುಡುಕಿ ಎತ್ತಿಡಿ. ನಾಳೆ ಸದ್ದು ನಿಂತ ಮೇಲೆ ಆ ತಟ್ಟೆಯ ಮುಂದೆ ಕೂತು ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಮನೆಗೆ ಬನ್ನಿ. ಬಚ್ಚಲಿನ ನಲ್ಲಿ ನನ್ನ ಕೈಗೆ ಬಗ್ಗುತ್ತಿಲ್ಲ.

ನಮ್ಮ ಬೀದಿಯ ಅಂಚೆ ಡಬ್ಬಿಯನ್ನು ನಾಳೆ ಒಂಬತ್ತಕ್ಕೆ ತೆರೆಯುತ್ತಾರೆ. ನೌಕೆ ಇಳಿಯುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಈ ಕಾಗದ ನಿಮ್ಮ ಕಡೆಗೆ ಹೊರಟಿರುತ್ತದೆ.